ಜಾತ್ರೆ ಯಾರದು, ಬಾಕಿ ಯಾರದು?

2025ರ ಜುಲೈ 14ರಂದು ಬೆಂಗಳೂರಲ್ಲಿ ಶಕ್ತಿ ಯೋಜನೆಯ 500 ಕೋಟಿಯ ಟಿಕೆಟ್ಟನ್ನು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಕೊಟ್ಟರು. ಉತ್ಸವ ಆಯಿತು. 22 ದಿನಕ್ಕೆ, ಆಗಸ್ಟ್ 5ರಂದು, ಉಳಿದ ಟಿಕೆಟ್ಟುಗಳನ್ನು ಕೊಟ್ಟವರು 38 ತಿಂಗಳ ಹಿಂಬಾಕಿ ಕೇಳಿ ಮುಷ್ಕರಕ್ಕಿಳಿದರು. ರಾಮದುರ್ಗಕ್ಕೆ ಬಸ್ಸು ಓಡಿಸುವ ವಾಯವ್ಯ ಸಾರಿಗೆಯವರೂ ಅವರಲ್ಲಿದ್ದರು. ಹೈಕೋರ್ಟ್ ಆದೇಶದ ಮೇಲೆ ಮುಷ್ಕರ ನಿಂತಿತು.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದದ್ದು ನ್ಯಾಯವೇ. ಕೂಲಿಯ ಹೆಣ್ಣುಮಗಳು ಕೈಯಾಗ ರೊಕ್ಕ ಇಲ್ಲದಿದ್ದರೂ ದವಾಖಾನಿಗೆ, ಎಲ್ಲಮ್ಮನ ಗುಡ್ಡಕ್ಕೆ ಹೋಗತಾಳ. ಅದನ್ನು ಆಡಿಕೊಳ್ಳುವವರ ಜೊತೆ ನಾವಿಲ್ಲ. ಆದರೆ ಕೊಟ್ಟವರೆಂಬ ಹೆಸರು ಒಬ್ಬರಿಗೆ, ಬೆವರು ಇನ್ನೊಬ್ಬರಿಗೆ, ಇದು ನ್ಯಾಯವೆ?

'ಬಾಕಿ ಮುಂದ ಉತ್ಸವದ ಖರ್ಚು ಯಾವ ದೊಡ್ಡದು?' ಅಂತಾರ. ಖರೆ. ಪ್ರಶ್ನೆ ಮೊತ್ತದ್ದಲ್ಲ. ಚೀಲ ಮೊದಲು ಯಾರಿಗೆ ಬಿಚ್ಚುತ್ತದೆಂಬುದರಲ್ಲೇ ಯಾರನ್ನು ಮನುಷ್ಯರೆಂದು ಎಣಿಸಿದ್ದಾರೆಂದು ತಿಳಿಯುತ್ತದೆ. ಹಿಂಬಾಕಿ ಭಿಕ್ಷೆಯಲ್ಲ, ಸಾಲ. ಸಾಲ ಉಳಿಸಿಕೊಂಡು ಜಾತ್ರೆ ಮಾಡುವವನನ್ನು ಕಂಡರೆ ಊರು ನಗುತ್ತದೆ.

ಮರ್ಯಾದೆ ಸಿಗದ ಕಂಡಕ್ಟರು ತುಂಬಿದ ಬಸ್ಸಿನಲ್ಲಿ ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾನೆ? ಪುಕ್ಕಟೆ ಟಿಕೆಟ್ಟಿನ ಆ ಹೆಣ್ಣುಮಗಳ ಮೇಲೆ. ದುಡಿಯುವ ಇಬ್ಬರೂ ಎದುರಾಬದುರು ನಿಲ್ಲುತ್ತಾರೆ, ಸಾಲಗಾರ ಮರೆಯಾಗುತ್ತಾನೆ. ಗೆಳೆಯರೆ, ಆಕೆಯ ಟಿಕೆಟ್ಟನ್ನೂ ಅವನ ಬಾಕಿಯನ್ನೂ ಒಂದೇ ಅರ್ಜಿಯಲ್ಲಿ ಬರೆಯೋಣ.