ಮರಳುವ ಆನಂದ
ವೃದ್ಧರನ್ನೂ ಮಕ್ಕಳನ್ನೂ ಮನೆಯಲ್ಲಿರಿಸಿ, ದಂಪತಿಗಳಿಬ್ಬರೇ ನಾಲ್ಕು ದಿನ ಪಟ್ಟಣದಲ್ಲಿದ್ದು ಬರುವುದು ಗೃಹಸ್ಥಧರ್ಮಕ್ಕೆ ಲೋಪವೆ? ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು. ಅಲ್ಲಿಯ ಲಾಲ್‌ಬಾಗಿನ ನೆರಳಿನಲ್ಲಿ, ಮನೆವಾರ್ತೆಯ ನಡುವೆ ದೊರೆಯದ ಮಾತಿನ ಬಿಡುವು ದೊರೆಯುತ್ತದೆ. ಇದರಿಂದ ದಾಂಪತ್ಯಕ್ಕೆ ಪುಷ್ಟಿಯೇ ಹೊರತು ದೋಷವಿಲ್ಲ. ಮೂರನೆಯ ದಿನ ಆ ಮಾತೇ ಮಕ್ಕಳ ಕಡೆಗೆ ತಿರುಗುತ್ತದೆ. ಮರಳಿದಾಗ ಹೊಸ್ತಿಲಿಗೇ ಓಡಿಬರುವ ಮಗುವನ್ನು ಎತ್ತಿಕೊಳ್ಳುವ ಆನಂದ ಯಾವ ಪಟ್ಟಣದಲ್ಲಿಯೂ ದೊರೆಯದು.

ಆದರೆ ಈ ಆನಂದವನ್ನು ಕಾದಿರಿಸಿದವರು ಯಾರು? ಹಿರಿಯೂರಿನ ಬಳಿ, 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ಕಟ್ಟೆ ವೇದಾವತಿಯನ್ನು ಹಿಡಿದು ನಿಂತಿದೆ. ನಾಲೆಯ ಕೆಳಗಿನ ತೋಟದ ಹಸುರನ್ನು ಮೆಚ್ಚುವವರು ಕಟ್ಟೆಯನ್ನು ನೆನೆಯುವುದು ಅಪರೂಪ. ಮನೆಯನ್ನು ಹಿಡಿದು ನಿಂತ ಅತ್ತೆಮಾವಂದಿರ ಸ್ಥಿತಿಯೂ ಅದೇ. ಅವರಿಂದ ಪಡೆದ ನಾಲ್ಕು ದಿನಗಳು ಋಣವೇ ಸರಿ. ಮುಂದೊಮ್ಮೆ ಮಕ್ಕಳೊಡನೆ ತಾವು ಮನೆಯಲ್ಲುಳಿದು, ಹಿರಿಯರಿಬ್ಬರನ್ನೂ ಅವರು ಬಯಸಿದೆಡೆಗೆ ಕಳುಹಿಸಿಕೊಟ್ಟಾಗಲೇ ಅದು ತೀರುವುದು. ಮರಳಿ ಬರುವವರನ್ನು ಇದಿರುಗೊಳ್ಳುವ ಆನಂದವೂ ಆಗಲೇ ತಿಳಿಯುವುದು.