ಗಳಿಗೆಯ ಹಕ್ಕು

ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನಲ್ಲಿ ಹುಲಿ ಯಾರನ್ನಾದರೂ ಕೊಂದರೆ, ಆನೆ ಯಾರನ್ನಾದರೂ ತುಳಿದರೆ, ಅರಣ್ಯ ಇಲಾಖೆಯ ಜೀಪನ್ನು ಅಡ್ಡಗಟ್ಟಿದ ಗುಂಪಿನಿಂದ ಒಂದು ಮಾತು ಬಂದೇ ಬರುತ್ತದೆ: ‘ನಿಮ್ಮ ಕೈಲಿ ಆಗಲ್ಲ ಅಂದ್ರೆ ನಮಗೆ ಬಂದೂಕು ಕೊಡಿ, ನಮ್ಮನ್ನ ನಾವೇ ಕಾಪಾಡ್ಕೋತೀವಿ.’ ಆ ಸಂಕಟಕ್ಕೆ ಎದುರಾಡುವ ಧೈರ್ಯ ನನಗಿಲ್ಲ. ಆದರೆ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡುವ ಪೇಟೆಯ ಸೈಟು ವ್ಯಾಪಾರಿಯೂ ಇದೇ ವರಸೆಯಲ್ಲಿ ಮಾತಾಡುತ್ತಾನೆ. ಆತ್ಮರಕ್ಷಣೆ ಹುಟ್ಟಿನಿಂದಲೇ ಬಂದ ಹಕ್ಕು, ಆದ್ದರಿಂದ ಆಯುಧವೂ ಹಕ್ಕು ಎನ್ನುತ್ತಾನೆ. ಮೊದಲರ್ಧ ನಿಜ. ಅದರಿಂದ ಎರಡನೆಯರ್ಧ ಹೇಗೆ ಹೊರಟಿತು ಎಂಬುದು ನನ್ನ ತಕರಾರು.

ಆತ್ಮರಕ್ಷಣೆಯ ಹಕ್ಕು ಜಮೀನಿನ ಹಾಗೆ ನಮ್ಮ ಹೆಸರಿಗೆ ಖಾತೆಯಾಗಿ ಕೂತಿರುವಂಥದ್ದಲ್ಲ. ಎದುರಿನವನು ಕೈಯೆತ್ತಿದಾಗ ಹುಟ್ಟುತ್ತದೆ, ಅವನು ಬೆನ್ನು ತೋರಿಸಿ ಓಡಿದಾಗ ಮುಗಿಯುತ್ತದೆ. ಅದನ್ನು ನಮಗೆ ಕೊಡುವವನೇ ಆ ದಾಳಿಕೋರ. 1860ರ ದಂಡಸಂಹಿತೆ ಹೀಗೇ ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳೂ ಹೀಗೇ ಹೇಳುತ್ತವೆ. ದೇಹಕ್ಕೆ ಅಪಾಯವಿದೆ ಎಂಬ ಸಕಾರಣವಾದ ಭಯ ಇರುವಷ್ಟು ಹೊತ್ತು ಹಕ್ಕು ಇರುತ್ತದೆ. ಪೊಲೀಸರ ಹತ್ತಿರ ಹೋಗಲು ಸಮಯವಿದ್ದರೆ ಹಕ್ಕಿಲ್ಲ. ತಡೆಯಲು ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡಿದರೂ ಇಲ್ಲ.

ಆಯುಧ ಧರಿಸುವುದು ಗಳಿಗೆಯ ಕೆಲಸವಲ್ಲ. ಎದುರಾಳಿಯೇ ಇಲ್ಲದ ಬೆಳಗಿನಲ್ಲಿ ಅದನ್ನು ಸೊಂಟಕ್ಕೆ ಏರಿಸಿ ಮದುವೆಮನೆಗೆ, ಸಂತೆಗೆ, ತಾಲ್ಲೂಕು ಕಚೇರಿಗೆ ಹೋಗುತ್ತೇವೆ. ಅಲ್ಲಿ ಸಿಗುವ ನೂರಾರು ಮಂದಿ ನಮಗೇನೂ ಮಾಡಿಲ್ಲ. ಹಾಗಾದರೆ ಆ ಗಳಿಗೆ ಬಂದಾಗ ಕೈ ಖಾಲಿಯಿದ್ದರೆ ಹಕ್ಕು ಇದ್ದೇನು ಬಂತು ಎಂದು ಕೇಳಬಹುದು. ಗಟ್ಟಿಯಾದ ಆಕ್ಷೇಪ. ಅದಕ್ಕೆ ಒಪ್ಪಿ ಇಷ್ಟು ಹೇಳುತ್ತೇನೆ: ಆಯುಧ ಉಪಯೋಗಕ್ಕೆ ಬಂದೀತು ಎಂದು ಅದರಿಂದ ಸಾಬೀತಾಯಿತು, ಹಕ್ಕು ಎಂದಲ್ಲ. ಹೊಡೆದಾಟದ ಗಳಿಗೆ ಇಬ್ಬರಿಗೆ ಸೇರಿದ್ದು. ಸೊಂಟದ ಪಿಸ್ತೂಲು ಇಡೀ ಸಂತೆಗೆ ಸೇರಿದ್ದು. ಸಂತೆಯವರಿಗೂ ಅದರ ಬಗ್ಗೆ ಒಂದು ಮಾತಿರುತ್ತದೆ.

ಮಚ್ಚನ್ನೇ ತೆಗೆದುಕೊಳ್ಳಿ. ಹಂಗಳದ ಕಡೆಯ ರೈತ ಮುಸುಕಿನ ಜೋಳದ ಕಾವಲಿಗೆ ಸಂಜೆ ಹೊರಡುತ್ತಾನೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬ್ಯಾಟರಿ, ಚೀಲದಲ್ಲಿ ನಾಲ್ಕು ಪಟಾಕಿ, ಬೆನ್ನಹಿಂದೆ ಮಚ್ಚು. ದಾರಿಗೆ ಚಾಚಿದ ಲಾಂಟಾನವನ್ನು ಅದರಲ್ಲೇ ಸವರುತ್ತಾನೆ, ಅಟ್ಟಣೆಯ ಬುಡದ ಬೆಂಕಿಗೆ ಸೌದೆ ಸೀಳುತ್ತಾನೆ, ಬೆಳಗಾದ ಮೇಲೆ ಎಳನೀರು ಕೆತ್ತುತ್ತಾನೆ. ಅದರ ಹಿಡಿ ಅಂಗೈ ಬೆವರಿಗೆ ಕಪ್ಪಗೆ ನುಣುಪಾಗಿದೆ. ಬಾಯಿ ಒಂದು ಕಡೆ ಕಲ್ಲಿಗೆ ತಾಗಿ ಮುಕ್ಕಾಗಿದೆ. ಹಂದಿ ಮೈಮೇಲೆ ಬಿದ್ದರೆ ಅದನ್ನೇ ಬೀಸುತ್ತಾನೆ. ಇನ್ನೊಬ್ಬ, ಅದೇ ಕಮ್ಮಾರನ ಕೈಯಲ್ಲಿ ಮಾಡಿಸಿದ ಮಚ್ಚನ್ನು ಪೇಪರಿನಲ್ಲಿ ಸುತ್ತಿ ಬೈಕಿಗೆ ಸಿಕ್ಕಿಸಿಕೊಂಡು ಜಾತ್ರೆಗೆ ಬರುತ್ತಾನೆ, ಎದುರು ಪಾರ್ಟಿಯವರು ಸಿಕ್ಕರೆ ಇರಲಿ ಎಂದು. ಅದು ಈವರೆಗೆ ಒಂದು ಕಡ್ಡಿ ಸೌದೆಯನ್ನೂ ಸೀಳಿಲ್ಲ.

ಇಬ್ಬರಲ್ಲಿ ಒಬ್ಬನ ಮನಸ್ಸು ಒಳ್ಳೆಯದು, ಇನ್ನೊಬ್ಬನದು ಕೆಟ್ಟದ್ದು ಎಂದುಬಿಡುವುದು ಸುಲಭ. ಆದರೆ ಎರಡನೆಯವನೂ ನಿಜವಾಗಿಯೇ ಹೆದರಿರಬಹುದು. ರೈತನ ಮಚ್ಚಿಗೆ ಭಯದ ಹೊರಗೂ ಬದುಕಿದೆ, ಇವನ ಮಚ್ಚಿಗೆ ಮನುಷ್ಯನನ್ನು ಬಿಟ್ಟು ಬೇರೆ ಕೆಲಸವಿಲ್ಲ. ಯಾವ ಮನುಷ್ಯ ಎಂಬುದಷ್ಟೇ ತೀರ್ಮಾನವಾಗಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಮನೆಗೆಲಸಕ್ಕೆ, ಬೇಸಾಯಕ್ಕೆ ಎಂದೇ ಮಾಡಿದ ವಸ್ತುಗಳನ್ನು ಆಯುಧದ ಲೆಕ್ಕದಿಂದ ಹೊರಗಿಟ್ಟಿರುವುದು ಇದೇ ಎಣಿಕೆಯಲ್ಲಿ. ಇನ್ನೂ ಒಂದು: ಎರಡೇಟಿಗೆ ಮುಗಿಯಬೇಕಾದ ಜಗಳದಲ್ಲಿ ಇವನ ಹತ್ತಿರ ಮಚ್ಚಿದೆ ಎಂದು ಗೊತ್ತಾದರೆ ಆ ಪಾರ್ಟಿಯವರೂ ಮುಂದಿನ ಜಾತ್ರೆಗೆ ಬರಿಗೈಲಿ ಬರುವುದಿಲ್ಲ. ಒಬ್ಬರಿಗೊಬ್ಬರು ಅಂಜಿ ಮೊದಲೇ ಸಜ್ಜಾಗುವುದು ಕಲಹದ ಮೂರು ಮೂಲಗಳಲ್ಲಿ ಒಂದು ಎಂದು 1651ರಲ್ಲೇ ಇಂಗ್ಲೆಂಡಿನ ಚಿಂತಕ ಹಾಬ್ಸ್ ಬರೆದಿದ್ದ.

ಈ ವಿವೇಚನೆ ಪರದೇಶದ ಸರಕು ಎಂದು ಯಾರೂ ತಿಳಿಯಬೇಕಿಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲೇ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಆತತಾಯಿಯ, ಅಂದರೆ ಕೊಲ್ಲಲು ಮೇಲೆರಗಿ ಬಂದವನ, ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. ಕೊಲ್ಲಲು ಬಂದವನು ಗುರುವೇ ಇರಲಿ, ಮುದುಕನೇ ಇರಲಿ, ಯೋಚಿಸದೆ ಕೊಲ್ಲು ಎನ್ನುವ ವಚನ ಮನುವಿನಲ್ಲಿದೆ, ಟಿ.ವಿ. ಚರ್ಚೆಗಳಲ್ಲಿ ಅದನ್ನು ಉದ್ಧರಿಸುವವರಿಗೆ ಬರವಿಲ್ಲ. ವಿಜ್ಞಾನೇಶ್ವರ ಅದನ್ನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ತನ್ನನ್ನು ಕಾಪಾಡಿಕೊಳ್ಳಲು, ಕೊಲ್ಲುವ ಉದ್ದೇಶವಿಲ್ಲದೆ ತಡೆಯುವಾಗ ಕೈತಪ್ಪಿ ಎದುರಿನವನು ಸತ್ತರೆ ರಾಜದಂಡನೆ ಇಲ್ಲ, ಅಲ್ಪ ಪ್ರಾಯಶ್ಚಿತ್ತ ಸಾಕು ಎಂಬುದು ಅವನ ನಿರ್ಣಯ. ಆತತಾಯಿ ಬ್ರಾಹ್ಮಣನಾಗಿದ್ದರೆ ಏನು ಗತಿ ಎಂಬ ಚಿಂತೆಯಿಂದ ಹುಟ್ಟಿದ ನಿರ್ಣಯ ಇದು, ಮುಚ್ಚಿಡುವುದೇಕೆ? ಆದರೂ ಬ್ರಾಹ್ಮಣನಿಗೆ ಸಂದ ಈ ಎಚ್ಚರ ಎಲ್ಲರ ಜೀವಕ್ಕೂ ಸಲ್ಲಬೇಕಾದದ್ದೇ. ಮುಂದೆ ಹದಿಮೂರನೆಯ ಶತಮಾನದಲ್ಲಿ ಇಟಲಿಯ ಥಾಮಸ್ ಅಕ್ವಿನಾಸ್ ಹೆಚ್ಚುಕಡಿಮೆ ಇದೇ ಮಾತಿಗೆ ಬಂದು ತಲುಪಿದ. ಕೊಲ್ಲುವುದು ಉದ್ದೇಶವಲ್ಲದಿದ್ದರೆ ಎಂಬ ಷರತ್ತು ಗಮನಿಸಿ: ಗಳಿಗೆಯ ಒಳಗೆ ಅದನ್ನು ಪಾಲಿಸಬಹುದು. ಕೊಲ್ಲುವುದಕ್ಕೆಂದೇ ತಯಾರಾದ ವಸ್ತುವನ್ನು ವರ್ಷಗಟ್ಟಲೆ ಹೊತ್ತು ತಿರುಗುವವನು ಹೇಗೆ ಪಾಲಿಸುತ್ತಾನೆ?

ಬಂದೂಕಿನ ವಕೀಲರೆಲ್ಲ ಕೊನೆಗೆ ಹೋಗಿ ನಿಲ್ಲುವುದು ಇಂಗ್ಲೆಂಡಿನ ಚಿಂತಕ ಜಾನ್ ಲಾಕ್‌ನ ಅಂಗಳದಲ್ಲಿ. ಸರ್ಕಾರ ಕುರಿತ ಅವನ ಎರಡನೆಯ ಗ್ರಂಥ 1689ರಲ್ಲಿ ಪ್ರಕಟವಾಯಿತು. ಬಲಪ್ರಯೋಗದಿಂದ ನನ್ನನ್ನು ಹಿಡಿತಕ್ಕೆ ತೆಗೆದುಕೊಂಡ ಕಳ್ಳ ನನ್ನನ್ನು ಒಂದಿಷ್ಟೂ ಗಾಯಗೊಳಿಸದಿದ್ದರೂ ಅವನನ್ನು ಕೊಲ್ಲಬಹುದು ಎನ್ನುತ್ತಾನೆ ಲಾಕ್. ಸ್ವಾತಂತ್ರ್ಯ ಕಸಿದವನು ಉಳಿದದ್ದೆಲ್ಲವನ್ನೂ ಕಸಿಯುವುದಿಲ್ಲ ಎಂದು ನಂಬಲು ಕಾರಣವಿಲ್ಲವಂತೆ. ಅಂದರೆ ನನ್ನ ಊಹೆ ಅವನಿಗೆ ಮರಣದಂಡನೆ. ಹೀಗೆ ಸ್ವಾತಂತ್ರ್ಯವನ್ನು ಆರಾಧಿಸಿದವನು ಗುಲಾಮರ ವ್ಯಾಪಾರ ಮಾಡುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಹಣ ಹೂಡಿದ್ದ. ಇದನ್ನು ನೆನೆದಾಗ ನನಗೆ ಅವನ ತರ್ಕದ ಮೇಲೂ ಗುಮಾನಿ. ಪೂರ್ವಗ್ರಹ ಎನ್ನಿ, ಬೇಸರವಿಲ್ಲ. ದರೋಡೆಗೆ, ರಾತ್ರಿ ಕನ್ನ ಹಾಕುವವನಿಗೆ ನಮ್ಮ ಕಾನೂನೂ ಕಠಿಣವೇ, ಅಲ್ಲಿ ಪ್ರಾಣ ತೆಗೆಯುವವರೆಗೂ ಹೋಗಬಹುದು. ಆದರೆ ಎಷ್ಟು ಬೇಕೋ ಅಷ್ಟು ಎಂಬ ಲಗಾಮು ಅಲ್ಲೂ ಇದೆ. ಮನೆಯಾಚೆ ಕೈಬಂದೂಕು ಒಯ್ಯುವುದು ಸಂವಿಧಾನದತ್ತ ಹಕ್ಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪು ಕೊಟ್ಟಿತು. ನಮ್ಮಲ್ಲಿ ಅಂಥ ಮೂಲಭೂತ ಹಕ್ಕಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 2023ರ ಫೆಬ್ರುವರಿಯಲ್ಲಿ ನೆನಪಿಸಿತು.

ಆಯುಧವಿದ್ದವನು ಬದುಕುತ್ತಾನೆ ಎಂಬ ನಂಬಿಕೆಯನ್ನು ಈ ಚಾಮರಾಜನಗರ ಜಿಲ್ಲೆಯಲ್ಲಿ ಆಡುವಾಗ ನಾಲಿಗೆ ತಡವರಿಸಬೇಕು. ಕಾಡುಗಳ್ಳ ವೀರಪ್ಪನ್ ಹುಟ್ಟಿದ್ದು ಇಲ್ಲಿಯ ಗೋಪಿನಾಥಂನಲ್ಲಿ. ಅವನನ್ನು ಶರಣಾಗಿಸುವ ಭರವಸೆಯಿಂದ ಬರಿಗೈಲಿ ಹೋದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ 1991ರ ನವೆಂಬರ್‌ನಲ್ಲಿ ಹತರಾದರು. ಕೈಯಲ್ಲಿ ಬಂದೂಕಿದ್ದಿದ್ದರೆ ಎನ್ನುವವರು ಮರುವರ್ಷವನ್ನೂ ನೋಡಬೇಕು. 1992ರ ಆಗಸ್ಟ್‌ನಲ್ಲಿ ಮೀಣ್ಯಂ ಬಳಿ ಹೊಂಚುದಾಳಿಗೆ ಬಲಿಯಾದ ಎಸ್.ಪಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ಬಳಿ ಆಯುಧವೂ ಇತ್ತು, ಜನವೂ ಇದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ರಾಮಾಪುರ ಠಾಣೆಗೆ ನುಗ್ಗಿದ ತಂಡ ಐವರು ಪೊಲೀಸರನ್ನು ಕೊಂದು ಠಾಣೆಯ ಬಂದೂಕುಗಳನ್ನೇ ಹೊತ್ತೊಯ್ದಿತು. ಇವೆಲ್ಲ ಆಯುಧ ವ್ಯರ್ಥ ಎನ್ನುವುದಕ್ಕಲ್ಲ. ಗಳಿಗೆಯನ್ನು ಆರಿಸುವವನು ಯಾವಾಗಲೂ ದಾಳಿಕೋರ ಎನ್ನುವುದಕ್ಕೆ.

ಕಾಡುಪ್ರಾಣಿಯ ವಿಷಯಕ್ಕೆ ಬಂದರೂ ಎಳೆ ಅದೇ. 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮು, ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ ಎನ್ನುತ್ತದೆ. ಹುಲಿಯೂ ಇದಕ್ಕೆ ಹೊರತಲ್ಲ. ಕಾಯ್ದೆಯನ್ನು ಮುರಿಯುತ್ತಿದ್ದವನಿಗೆ ಮಾತ್ರ ಆ ರಕ್ಷೆ ಇಲ್ಲ: ಬೇಟೆಗೆಂದು ನಾಡಬಂದೂಕು ಹಿಡಿದು ಬಂಡೀಪುರದೊಳಗೆ ನುಗ್ಗಿದವನು ಆನೆ ಅಟ್ಟಿಸಿಕೊಂಡು ಬಂತು, ಹೊಡೆದೆ ಎಂದರೆ ನಡೆಯದು. ಅಪಾಯವನ್ನು ತಾನೇ ಹುಡುಕಿಕೊಂಡು ಹೋದವನಿಗೆ ಗಳಿಗೆಯ ಹಕ್ಕು ಸುಲಭವಾಗಿ ದಕ್ಕದು. ಇದಕ್ಕಿಂತ ಕೆಟ್ಟದ್ದು ಬೇಲಿಗೆ ಹರಿಸುವ ಕಳ್ಳ ಕರೆಂಟು, ಹಂದಿಗೆ ಇಡುವ ಸಿಡಿಮದ್ದು, ಉರುಳು. ಎದುರು ಬಂದದ್ದು ಯಾರು, ಏಕೆ ಬಂತು ಎಂದು ನೋಡುವ ಕಣ್ಣೇ ಅವಕ್ಕಿಲ್ಲ. ಆನೆಯನ್ನು ಕೊಂದ ತಂತಿಯೇ ನಸುಕಿನಲ್ಲಿ ನೀರು ಬಿಡಲು ಬಂದ ಪಕ್ಕದ ಹೊಲದವನನ್ನೂ ಕೊಲ್ಲುತ್ತದೆ. ಅದನ್ನು ಆತ್ಮರಕ್ಷಣೆ ಎನ್ನಲಾಗದು. ತಂತಿ ಕಟ್ಟಿ ಗುಂಡು ಹಾರುವಂತೆ ಒಡ್ಡುವ ಬಂದೂಕುಗಳನ್ನು ಇಂಗ್ಲೆಂಡು 1827ರಲ್ಲೇ ನಿಷೇಧಿಸಿತ್ತು.

ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ, ನಮಗೇಕಿಲ್ಲ ಎಂಬ ಪ್ರಶ್ನೆ ಗುಂಡ್ಲುಪೇಟೆಯಲ್ಲಿ ಆಗಾಗ ಕೇಳಿಬರುತ್ತದೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಲಾಗಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಅದರ ಬುಡ ಪರಂಪರೆಯಲ್ಲಿದೆ, ಆತ್ಮರಕ್ಷಣೆಯಲ್ಲಲ್ಲ. ಇಲ್ಲಿ ಅಭಯಾರಣ್ಯದಿಂದ 10 ಕಿ.ಮೀ. ಒಳಗೆ ಹೊಸ ಲೈಸೆನ್ಸ್ ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲು ಆಗಬೇಕು. ಹೀಗೆ ಕೈ ಕಟ್ಟಿದ ಸರ್ಕಾರ ಕಾಯುವ ಹೊಣೆಯನ್ನೂ ಪೂರ್ತಿ ಹೊರಬೇಕು: ರೈಲುಕಂಬಿಯ ಬೇಲಿ, ತಡವಿಲ್ಲದ ಪರಿಹಾರ, ರಾತ್ರಿ ಕರೆದರೆ ಬರುವ ಸಿಬ್ಬಂದಿ. 2019ರಲ್ಲಿ ಚೌಡಹಳ್ಳಿ ಸುತ್ತ ಇಬ್ಬರನ್ನು ಬಲಿ ತೆಗೆದುಕೊಂಡ ಹುಲಿಯನ್ನು ಇಲಾಖೆ ಅಕ್ಟೋಬರ್‌ನಲ್ಲಿ ಜೀವಂತ ಹಿಡಿಯಿತು; ಎರಡನೆಯ ಸಾವಿಗೆ ಮುಂಚೆ ಹಿಡಿಯಬೇಕಿತ್ತು.

ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಈ ವಿಷಯದಲ್ಲಿ ನಮ್ಮ ಚರ್ಚೆಗಳಿಗಿಂತ ಚುರುಕಾಗಿದೆ. ರಕ್ಷಣೆಗೆ ಎಂದು ಅದು ಹೆಸರಿಸುವುದು ನಳಿಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ಬಂದೂಕನ್ನು, ಅಂದರೆ ಅಂಗಿಯೊಳಗೆ ಬಚ್ಚಿಡಲಾಗದ್ದನ್ನು. ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಬಂದೂಕನ್ನು ಬೇರೆಯಾಗಿಯೇ ಹೇಳುತ್ತದೆ. ಪಿಸ್ತೂಲು ಬೇಕಾದವನು ತಕ್ಕ ಕಾರಣ ತೋರಿಸಬೇಕು. ಆದರೆ ಚುನಾವಣೆ ಬಂತೆಂದರೆ ಈ ವ್ಯತ್ಯಾಸ ಮರೆತುಹೋಗಿ ಎಲ್ಲ ಬಂದೂಕುಗಳನ್ನೂ ಠಾಣೆಗೆ ಒಪ್ಪಿಸಿ ಎನ್ನುತ್ತಾರೆ. ಹಂದಿಗೆ ನೀತಿ ಸಂಹಿತೆ ಗೊತ್ತಿಲ್ಲ ಎಂದು ರೈತ ಗೊಣಗಿದರೆ ತಪ್ಪೇನು? ಲೈಸೆನ್ಸುಗಳನ್ನು ಪರಿಶೀಲಿಸುವ ಸಮಿತಿ ಜಿಲ್ಲೆಗೊಂದಿದೆ. ಅದು ಪ್ರತಿ ಬಂದೂಕಿಗೂ ಪಡೆದ ಕಾರಣವನ್ನು ಕೇಳಿ ನೋಡಿದರೆ, ಪೇಟೆಯ ಪಿಸ್ತೂಲು ಠಾಣೆಯಲ್ಲಿದ್ದು ಹೊಲದ ಬಂದೂಕು ಹೊಲದಲ್ಲೇ ಉಳಿಯಬಹುದು.