ಕಾಡಿನ ಸಾಲ ಯಾರಿಗೆ ಸಲ್ಲಬೇಕು?

ಇಲ್ಲಿ ಕಡಿದ ಮರಕ್ಕೆ ಅಲ್ಲೆಲ್ಲೋ ನೆಟ್ಟ ಸಸಿ ಪರಿಹಾರವಾಗಬಲ್ಲುದೇ? ಮುಂಬಯಿಯಲ್ಲಿರುವ ನಮಗೆ ಇದು ದೂರದ ಪ್ರಶ್ನೆಯಲ್ಲ. 2019ರ ಅಕ್ಟೋಬರಿನಲ್ಲಿ ಮೆಟ್ರೊ ಕಾರ್‌ಶೆಡ್ಡಿಗಾಗಿ ಆರೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ಆ ಮೆಟ್ರೊದಲ್ಲಿ ನಾವೀಗ ತಣ್ಣಗೆ ಕೂತು ಓಡಾಡುತ್ತೇವೆ; ಆದ್ದರಿಂದ ಈ ವಿಚಾರದಲ್ಲಿ ನಮ್ಮದೂ ಪಾಲಿದೆ.

ಆರೆ ಕಾಡೇ ಅಲ್ಲ ಎಂಬ ವಾದವಿತ್ತು, ಇರಲಿ. ದಾಖಲೆಯಲ್ಲೂ ಕಾಡೇ ಆಗಿರುವ ನೆಲವನ್ನು ಗಣಿಗೋ ಅಣೆಕಟ್ಟಿಗೋ ಕೊಟ್ಟಾಗ ಕಾನೂನು ಹೇಳುವುದಿಷ್ಟು: ಅಷ್ಟೇ ವಿಸ್ತೀರ್ಣದ ಬೇರೆ ಜಾಗದಲ್ಲಿ ಮರ ಬೆಳೆಸಿ. ಆ ಹಣದ ನಿರ್ವಹಣೆಗೆಂದೇ 2016ರಲ್ಲಿ ಒಂದು ಕಾಯ್ದೆ ಬಂತು. ಏನೂ ಇಲ್ಲದಿರುವುದಕ್ಕಿಂತ ಇದು ವಾಸಿ, ಒಪ್ಪೋಣ. ಆದರೆ ಊರ ಕಡೆ ಸಾಲವೆಂದರೆ ಕೊಟ್ಟವನಿಗೇ ಹಿಂದಿರುಗಿಸಬೇಕಾದದ್ದು. ಪಕ್ಕದೂರಿನವನ ಕೈಗೆ ದುಡ್ಡಿತ್ತು ‘ನಿನ್ನ ಬಾಕಿ ತೀರಿತು’ ಎಂದರೆ ಯಾರು ಕೇಳುತ್ತಾರೆ? ಮಂಗಟ್ಟೆಗೆ ಗೂಡು ಕಟ್ಟಲು ಮುದಿಮರದ ಪೊಟರೆಯೇ ಬೇಕು. ಉಪ್ಪಾಗೆ, ಮುರುಗಲು ಆಯ್ದು ಬದುಕುವವರಿಗೆ ನೂರಾರು ಮೈಲಿಯಾಚೆಯ ನೆಡುತೋಪಿನಿಂದ ಬರುವುದೇನೂ ಇಲ್ಲ. ಕಳೆದುಕೊಂಡವರು ಇವರು, ಪರಿಹಾರ ಸಂದದ್ದು ಮಾತ್ರ ಒಂದು ನಕ್ಷೆಗೆ.

ಆ ನಕ್ಷೆಯೂ ಉದಾರಿ. ಒಂದು ಹೆಕ್ಟೇರ್ ಜಾಗದಲ್ಲಿ ಶೇ. 10ರಷ್ಟು ಮರದ ನೆರಳಿದ್ದರೆ ಸರ್ಕಾರಿ ಸಮೀಕ್ಷೆ ಅದನ್ನು ಅರಣ್ಯ ಹೊದಿಕೆ ಎಂದು ಎಣಿಸುತ್ತದೆ. ಮರ ಯಾವುದೆಂದು ಕೇಳುವುದಿಲ್ಲ. ಮಲೆನಾಡಿನ ಗುಡ್ಡಗಳ ಮೇಲೆ ಸಾಲುಸಾಲಾಗಿ ನಿಂತ ಅಕೇಶಿಯಾ, ಮೂಲತಃ ಆಸ್ಟ್ರೇಲಿಯಾ ಕಡೆಯದು, ಅದರಲ್ಲಿ ಸಲೀಸಾಗಿ ಪಾಸಾಗುತ್ತದೆ. ಸೌದೆಗೆ ಅದು ಒದಗಿತೆಂಬುದೂ ನಿಜವೇ. ಆದರೆ ಸೌದೆ ಕಾಡಲ್ಲ.

1983ರಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನ ಮರಗಳನ್ನು ತಬ್ಬಿ ನಿಂತರು. ಆ ಅಪ್ಪಿಕೊ ಚಳವಳಿಯ ಮಾತು ಮೂರೇ: ಉಳಿಸು, ಬೆಳೆಸು, ಬಳಸು. ನನ್ನ ಮಟ್ಟಿಗೆ ಅದರ ನೀತಿಯೆಲ್ಲ ಇರುವುದು ಈ ಅನುಕ್ರಮದಲ್ಲಿ. ನಾವು ಅದನ್ನು ಹಿಂದುಮುಂದಾಗಿ ಓದುತ್ತಿದ್ದೇವೆ: ಮೊದಲು ಬಳಸು, ಆಮೇಲೆ ಬೆಳೆಸು, ಉಳಿಸುವುದು ಭಾಷಣಕ್ಕೆ.

ಮಳೆಯ ಕಾಲವೇ ಏರುಪೇರಾಗುತ್ತಿರುವಾಗ ಈ ಅನುಕ್ರಮ ಇನ್ನಷ್ಟು ಮುಖ್ಯ. ನಾಳಿನ ಬಿಸಿಲನ್ನು ಯಾವ ಜಾತಿಯ ಮರ ತಾಳೀತೆಂದು ಇಂದೇ ಹೇಳುವುದು ಕಷ್ಟ. ಹತ್ತಾರು ಬಗೆಯ ಬೀಜ ಉದುರಿಸುವ ಹಳೆಯ ಕಾಡಿಗೆ ಹಲವು ಉತ್ತರಗಳಿವೆ, ಒಂದೇ ಜಾತಿಯ ತೋಪಿಗೆ ಇರುವುದು ಒಂದೇ. ಎಷ್ಟೋ ಬೋಳುಗುಡ್ಡಗಳಲ್ಲಿ ನೆಲದಡಿ ಬೇರುಗಳಿನ್ನೂ ಜೀವ ಹಿಡಿದಿರುತ್ತವೆ. ಬೆಂಕಿ ಬೀಳದಂತೆ, ದನ ನುಗ್ಗದಂತೆ ಕೆಲವು ವರ್ಷ ಕಾದರೆ ಅವು ತಾವೇ ಚಿಗುರುತ್ತವೆ. ಆದರೆ ಕಾಯುವ ಕೆಲಸಕ್ಕೆ ಜೂನ್ 5ರ ಫೋಟೊ ಇಲ್ಲ, ನೆಟ್ಟ ಸಸಿಗಳ ಲೆಕ್ಕವೂ ಇಲ್ಲ. ನಮ್ಮ ಕಂಪನಿಗಳ ವಾರ್ಷಿಕ ವರದಿಯಲ್ಲಿ ಅದನ್ನು ಯಾವ ಕಾಲಂನಲ್ಲಿ ಬರೆಯುತ್ತಾರೋ!